‘ಬಮ್ಮರ್’ ಎಂಬ ಇಂಗ್ಲಿಷ್ ಪದವನ್ನು ಅರಿತು ಬಳಸುವ ಬಗೆ

ಕಳೆದ ದಸರೆಗೆ ಕ್ಯಾಲಿಫೋರ್ನಿಯದಿಂದ ನನ್ನ ಅಣ್ಣನ ಮಗಳು ಮೈಸೂರಿಗೆ ಬರುವುದೆಂದು ನಿಶ್ಚಯವಾಗಿತ್ತು. ಕೊನೆಯ ವಾರದಲ್ಲಿ ಅವಳಿಗೆ ರಜೆ ಸಿಗದೆ ಹೋಯಿತು. ಫೋನಿನಲ್ಲಿ ನಾನು, ‘ನೀನು ಬರ್ತೀಯ ಅಂತ ಪಟ್ಟದ ಗೊಂಬೆಗಳನ್ನೆಲ್ಲ ಅಟ್ಟದಿಂದ ಇಳಿಸಿಟ್ಟಿದ್ದೆ ಕಣೇ’ ಎಂದಾಗ ಅವಳು ಒಂದು ಕ್ಷಣ ಸುಮ್ಮನಿದ್ದು, ‘ಬಮ್ಮರ್, ಅತ್ತೆ’ ಎಂದಳು. ದನಿಯಲ್ಲಿದ್ದ ಬೇಸರ ನನಗೆ ತಿಳಿಯಿತು, ಪದ ತಿಳಿಯಲಿಲ್ಲ. ಆ ಸಂಜೆಯೇ ನಿಘಂಟು ತೆಗೆದು ಕುಳಿತೆ. ಅಮೆರಿಕದ ಸಹೋದ್ಯೋಗಿಗಳೊಂದಿಗೆ ದಿನವೂ ಮಾತನಾಡುವವರಿಗೆ, ಹೊರದೇಶಕ್ಕೆ ಓದಲು ಹೊರಟವರಿಗೆ, ಇಂಗ್ಲಿಷ್ ಚಿತ್ರಗಳಿಗೆ ಕನ್ನಡದ ಅಡಿಬರಹ ಬರೆಯುವವರಿಗೆ ಈ ಪದ ಒಂದಲ್ಲ ಒಂದು ದಿನ ಎದುರಾಗುತ್ತದೆ. ಅದನ್ನು ಹೇಗೆ ಗ್ರಹಿಸಬೇಕು, ಎಲ್ಲಿ ಬಳಸಬಹುದು, ಎಲ್ಲಿ ಬಳಸಲೇಬಾರದು ಎಂಬುದನ್ನು ನಾನು ಕಲಿತ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲು ತೂಕ ನೋಡಬೇಕು

ಆಡುಮಾತಿನ ಪದವೊಂದರ ಅರ್ಥ ತಿಳಿಯುವುದಕ್ಕಿಂತ ಮುಂಚೆ ಅದರ ತೂಕ ತಿಳಿಯಬೇಕು. ನಿಘಂಟಿನಲ್ಲಿ ‘ಬಮ್ಮರ್’ ಎಂಬುದಕ್ಕೆ ‘ನಿರಾಸೆ ತರುವ ಸಂಗತಿ, ಅಹಿತಕರ ಅನುಭವ’ ಎಂಬ ಅರ್ಥ ಸಿಗುತ್ತದೆ. ಅರ್ಥ ಸರಿಯಾಗಿಯೇ ಇದೆ, ಆದರೆ ಎಷ್ಟು ದೊಡ್ಡ ನಿರಾಸೆ ಎಂಬುದನ್ನು ಅದು ಹೇಳುವುದಿಲ್ಲ. ಮಳೆ ಬಂದು ಪಂದ್ಯ ನಿಂತರೆ, ಬಹಳ ದಿನದಿಂದ ಕಾಯುತ್ತಿದ್ದ ಸಂಗೀತ ಕಚೇರಿಯ ಟಿಕೆಟ್ಟು ಖಾಲಿಯಾದರೆ, ಪ್ರವಾಸದ ದಿನವೇ ಜ್ವರ ಬಂದರೆ, ಅಂಗಡಿಗೆ ಹೋದಾಗ ಬೇಕಾದ ಅಳತೆಯ ಚಪ್ಪಲಿ ಮುಗಿದುಹೋಗಿದ್ದರೆ ಅದು ಬಮ್ಮರ್. ನಾಲ್ಕು ದಿನ ಕಳೆದರೆ ಮರೆಯಬಹುದಾದ, ಯಾರ ಬದುಕನ್ನೂ ಬದಲಿಸದ, ಆದರೂ ಆ ಹೊತ್ತಿಗೆ ಮುಖ ಸಪ್ಪಗಾಗಿಸುವ ಸಂಗತಿಗಳಿಗೆ ಈ ಪದ ಹೊಂದುತ್ತದೆ.

ಸಾವು, ದೊಡ್ಡ ಕಾಯಿಲೆ, ಅಪಘಾತ, ಮನೆ ಮುರಿದ ಸುದ್ದಿ ಇವುಗಳಿಗೆ ಈ ಪದವನ್ನು ಎಂದಿಗೂ ಬಳಸಬಾರದು. ಸಹೋದ್ಯೋಗಿಯೊಬ್ಬರು ತಂದೆ ತೀರಿಕೊಂಡರೆಂದು ಬರೆದಾಗ ಉತ್ತರವಾಗಿ ಈ ಒಂದು ಪದವನ್ನು ಕಳುಹಿಸಿದರೆ, ಕಳುಹಿಸಿದವರ ಮನಸ್ಸಿನಲ್ಲಿ ನಿಜವಾದ ಮರುಕವಿದ್ದರೂ ಓದಿದವರಿಗೆ ಅದು ಕಲ್ಲಿನಂತೆ ತಾಗುತ್ತದೆ. ನಡುವಿನ ಸಂದರ್ಭಗಳಲ್ಲಿ ವಿವೇಚನೆ ಬೇಕು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಕೆ ನೌಕೆ ಚಂದ್ರನ ಮೇಲ್ಮೈಯಿಂದ ಸುಮಾರು 2.1 ಕಿಲೋಮೀಟರ್ ಎತ್ತರದಲ್ಲಿದ್ದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದೊಂದಿಗೆ ಸಂಪರ್ಕ ಕಳೆದುಕೊಂಡಿತು. ದೂರದರ್ಶನದ ಮುಂದೆ ನಿದ್ದೆಗೆಟ್ಟು ಕುಳಿತಿದ್ದ ಇಬ್ಬರು ಗೆಳೆಯರು ಪರಸ್ಪರ ಈ ಪದವನ್ನು ಆಡಿಕೊಂಡಿದ್ದರೆ ಅದು ಸಹಜ. ಅದೇ ಪದವನ್ನು ವರ್ಷಗಟ್ಟಲೆ ಆ ಯೋಜನೆಗಾಗಿ ದುಡಿದ ವಿಜ್ಞಾನಿಯ ಮುಂದೆ ಆಡಿದರೆ ಅವರ ಶ್ರಮವನ್ನು ಹಗುರಗೊಳಿಸಿದಂತಾಗುತ್ತದೆ. ಸಂಗತಿ ಒಂದೇ ಆಗಿದ್ದರೂ ಅದು ಯಾರಿಗೆ ಎಷ್ಟು ಹತ್ತಿರ ಎಂಬುದರ ಮೇಲೆ ಪದದ ಯೋಗ್ಯತೆ ನಿಲ್ಲುತ್ತದೆ.

ವಾಕ್ಯದಲ್ಲಿ ಅದರ ಜಾಗ

ಉಚ್ಚಾರಣೆಯ ಬಗ್ಗೆ ಎರಡು ಮಾತು ಸಾಕು. ಬರಹದಲ್ಲಿ ಎರಡು ‘ಮ’ಕಾರಗಳಿದ್ದರೂ ಇಂಗ್ಲಿಷಿನವರು ಒಂದನ್ನೇ ಉಚ್ಚರಿಸುತ್ತಾರೆ. ‘ಅಮ್ಮ’ದಲ್ಲಿರುವಂತೆ ನಾವು ಒತ್ತಿ ಹೇಳುವ ದ್ವಿತ್ವ ಅಲ್ಲಿಲ್ಲ. ಕನ್ನಡದಲ್ಲಿ ‘ಸಮ್ಮರ್’ ಎಂದು ಬರೆಯುವ ರೂಢಿಯನ್ನು ಅನುಸರಿಸಿ ನಾನು ಇಲ್ಲಿ ‘ಬಮ್ಮರ್’ ಎಂದೇ ಬರೆಯುತ್ತಿದ್ದೇನೆ. ದನಿ ಮೇಲಿನಿಂದ ಕೆಳಗೆ ಇಳಿಯಬೇಕು. ನಮ್ಮ ‘ಛೆ’ ಇಳಿಯುವ ಹಾಗೆ.

ಪದವನ್ನು ಒಂಟಿಯಾಗಿ ಉದ್ಗಾರದಂತೆ ಹೇಳಬಹುದು. ‘ವಾಟ್ ಅ ಬಮ್ಮರ್’ ಅಥವಾ ‘ದಟ್ಸ್ ಅ ಬಮ್ಮರ್’ ಎಂದೂ ಹೇಳಬಹುದು. ಈ ವಾಕ್ಯಗಳಲ್ಲಿ ಮೊದಲಿನ ಏಕವಚನದ ‘ಅ’ ತಪ್ಪಬಾರದು, ಏಕೆಂದರೆ ಇದು ಎಣಿಸಬಹುದಾದ ನಾಮಪದ. ಕನ್ನಡದ ಮಾತುಗಾರರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ನಿರಾಸೆಗೊಂಡ ವ್ಯಕ್ತಿಯನ್ನು ಹೇಳುವಾಗ ರೂಪ ಬದಲಾಗಿ ‘ಬಮ್ಡ್’ ಅಥವಾ ‘ಬಮ್ಡ್ ಔಟ್’ ಎಂದಾಗುತ್ತದೆ. ‘ನಾನು ಬಮ್ಮರ್ ಆದೆ’ ಎಂಬ ಅರ್ಥದಲ್ಲಿ ವಾಕ್ಯ ಕಟ್ಟಿದರೆ ಕೇಳಿದವರಿಗೆ ಗೊಂದಲವಾಗುತ್ತದೆ, ಏಕೆಂದರೆ ಬಮ್ಮರ್ ಎಂಬುದು ಸಂಗತಿಯ ಹೆಸರು, ಬೇಸರಪಟ್ಟವರ ಹೆಸರಲ್ಲ. ‘ಬಮ್’ ಎಂಬ ಗಿಡ್ಡ ನಾಮಪದವನ್ನಂತೂ ಯಾರಿಗೂ ಅಂಟಿಸಬಾರದು. ಅದು ಅಮೆರಿಕದಲ್ಲಿ ‘ಕೆಲಸಗೇಡಿ, ಭಿಕಾರಿ’ ಎಂಬ ಬೈಗುಳ. ‘ಬಮ್ ಅ ಸಿಗರೇಟ್’ ಎಂದರೆ ಸಿಗರೇಟನ್ನು ಪುಕ್ಕಟೆ ಬೇಡಿ ಪಡೆಯುವುದು. ಕಚೇರಿಯ ವಿಧ್ಯುಕ್ತ ಪತ್ರ, ಅರ್ಜಿ, ಪರೀಕ್ಷೆಯ ಉತ್ತರ, ಗಿರಾಕಿಗೆ ಕಳುಹಿಸುವ ವರದಿ ಇವುಗಳಲ್ಲಿ ಇದರ ಯಾವ ರೂಪಕ್ಕೂ ಜಾಗವಿಲ್ಲ.

ಮೂಲ ಹುಡುಕುವಾಗ ಹಿಡಿಯಬೇಕಾದ ದಾರಿ

ಪದದ ಮೂಲ ಹುಡುಕುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಒಂದೇ ರೂಪದಲ್ಲಿ ಕಾಣುವ ಬೇರೆಬೇರೆ ಪದಗಳನ್ನು ಬಿಡಿಸಿಡುವುದು. ಇದನ್ನು ನಮ್ಮದೇ ಉದಾಹರಣೆಯಿಂದ ಹೇಳುತ್ತೇನೆ. ‘ಬೇಸರ’ ಮತ್ತು ‘ಬೇಜಾರು’ ಎಂಬ ಎರಡು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಆಡುತ್ತೇವೆ, ಕೇಳಲು ಅವು ಅಕ್ಕತಂಗಿಯರಂತಿವೆ. ಆದರೆ ‘ಬೇಸರ’ ದ್ರಾವಿಡ ಬಳಗದ ಹಳೆಯ ಪದ, ‘ಬೇಜಾರು’ ಪಾರಸಿಯ ‘ಬೇಜಾರ್’ನಿಂದ ಬಂದದ್ದು. ರೂಪದ ಹೋಲಿಕೆಯನ್ನು ನಂಬಿದರೆ ಇಬ್ಬರನ್ನೂ ಒಂದೇ ಮನೆಯವರೆಂದುಕೊಳ್ಳುತ್ತೇವೆ.

‘ಬಮ್’ ಎಂಬ ಇಂಗ್ಲಿಷ್ ಪದದ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ. ಪೃಷ್ಠ ಎಂಬ ಅರ್ಥದ ‘ಬಮ್’ ಹದಿನಾಲ್ಕನೆಯ ಶತಮಾನದಿಂದಲೂ ಇಂಗ್ಲೆಂಡಿನಲ್ಲಿದೆ, ಶೇಕ್ಸ್‌ಪಿಯರ್ ಅದನ್ನು ಹಾಸ್ಯದ ಮಾತಿನಲ್ಲಿ ಬಳಸಿದ್ದಾನೆ. ಸ್ಕಾಟ್ಲೆಂಡಿನಲ್ಲಿ ‘ಬಮ್’ ಎಂದರೆ ಝೇಂಕರಿಸು, ಗುಂಯ್‌ಗುಡು. ಅಲ್ಲಿನ ಡಂಡೀ ಪಟ್ಟಣದ ಸೆಣಬಿನ ಗಿರಣಿಗಳ ಸೈರನ್ನನ್ನು ಜನ ‘ಬಮ್ಮರ್’ ಎಂದೇ ಕರೆಯುತ್ತಿದ್ದರು. ಕುಂಡೆ ಊರಿ ಬಿದ್ದಾಗ ಆಗುವ ಪೇಚಿನಿಂದ ನಿರಾಸೆಯ ಅರ್ಥ ಬಂದಿರಬೇಕೆಂದು ಊಹಿಸುವುದು ಸುಲಭ. ಊಹೆ ಸುಲಭವಾಗಿ ಹೊಂದಿಕೊಂಡಷ್ಟೂ ಅದನ್ನು ಅನುಮಾನಿಸಬೇಕೆಂಬುದು ನಿಘಂಟಿನ ಕೆಲಸ ಮಾಡಿದವರ ಅನುಭವ.

ಎರಡನೆಯ ಕೆಲಸ, ಕಾಲ ಮತ್ತು ಸ್ಥಳಗಳನ್ನು ಗುರುತಿಸುವುದು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟು ಪ್ರತಿ ಅರ್ಥಕ್ಕೂ ಬರಹದಲ್ಲಿ ಸಿಕ್ಕ ಹಳೆಯ ಪ್ರಯೋಗದಿಂದ ಹಿಡಿದು ಉದಾಹರಣೆಗಳನ್ನು ಕೊಡುವ ಪದ್ಧತಿಯನ್ನು ಹಾಕಿಕೊಟ್ಟಿತು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೂಡ ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಉದ್ಧರಿಸುತ್ತ ಹೋಗುವುದರಿಂದ, ಅದನ್ನು ತಿರುವಿದವರಿಗೆ ಈ ಪದ್ಧತಿ ಹೊಸದೆನಿಸುವುದಿಲ್ಲ. ಹಾಗೆ ನೋಡಿದಾಗ ‘ಸೋಮಾರಿ, ಅಂಡಲೆಯುವವನು’ ಎಂಬ ಅರ್ಥದ ‘ಬಮ್ಮರ್’ 1850ರ ದಶಕದ ನಡುವಿನಲ್ಲಿ ಕಾಣಿಸಿಕೊಳ್ಳುತ್ತದೆ, ಅದೂ ಇಂಗ್ಲೆಂಡಿನಲ್ಲಲ್ಲದೆ ಅಮೆರಿಕದಲ್ಲಿ.

ಆ ದಶಕದಲ್ಲಿ ಅಮೆರಿಕಕ್ಕೆ ಯಾರು ಬಂದರು ಎಂದು ಕೇಳಿಕೊಂಡರೆ ಮುಂದಿನ ಬಾಗಿಲು ತೆರೆಯುತ್ತದೆ. 1848ರ ಕ್ರಾಂತಿ ಜರ್ಮನ್ ನಾಡುಗಳಲ್ಲಿ ಸೋತ ಮೇಲೆ, ಬೆಳೆನಾಶ ಮತ್ತು ನಿರುದ್ಯೋಗದಿಂದಲೂ ಬೇಸತ್ತು, 1850ರ ದಶಕವೊಂದರಲ್ಲಿಯೇ ಒಂಬತ್ತು ಲಕ್ಷಕ್ಕೂ ಹೆಚ್ಚು ಜರ್ಮನರು ಅಮೆರಿಕಕ್ಕೆ ವಲಸೆ ಬಂದು ಸಿನ್ಸಿನಾಟಿ, ಸೇಂಟ್ ಲೂಯಿಸ್, ಮಿಲ್ವಾಕಿ ಮೊದಲಾದ ಊರುಗಳಲ್ಲಿ ನೆಲೆಸಿದರು. ಅವರ ಭಾಷೆಯಲ್ಲಿ ‘ಬುಮ್ಮೆಲ್ನ್’ ಎಂದರೆ ಗುರಿಯಿಲ್ಲದೆ ಅಡ್ಡಾಡು, ಕಾಲ ಕಳೆ. ಹಾಗೆ ಅಡ್ಡಾಡುವವನು ‘ಬುಮ್ಲರ್’. ಗಂಟೆಯ ನಾಲಗೆ ಅತ್ತಿತ್ತ ತೂಗಾಡುವುದನ್ನು ಸೂಚಿಸುವ ಪದಗಳ ಬಳಗಕ್ಕೆ ಇದನ್ನು ಸೇರಿಸುವುದುಂಟು. ಮುಂದೆಯೂ ಹೋಗದೆ, ನಿಲ್ಲಲೂ ನಿಲ್ಲದೆ ಅಲ್ಲಿಯೇ ಓಲಾಡುವ ಚಿತ್ರ ಅದು. ಈಗಲೂ ಜರ್ಮನಿಯಲ್ಲಿ ಪ್ರತಿ ನಿಲ್ದಾಣದಲ್ಲಿಯೂ ನಿಂತು ಸಾಗುವ ರೈಲಿಗೆ, ಅಂದರೆ ನಮ್ಮ ಪ್ಯಾಸೆಂಜರ್ ಗಾಡಿಯಂಥದಕ್ಕೆ, ‘ಬುಮ್ಮೆಲ್‌ಸುಗ್’ ಎನ್ನುತ್ತಾರೆ. ಜರ್ಮನಿಯಲ್ಲಿ ಈ ಪದಕ್ಕೆ ಕೆಟ್ಟ ವಾಸನೆ ಅಷ್ಟಾಗಿ ಇಲ್ಲ. ಪೇಟೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬರುವುದಕ್ಕೂ ಅದನ್ನೇ ಬಳಸುತ್ತಾರೆ. ಅಟ್ಲಾಂಟಿಕ್ ದಾಟುವಾಗ ಪದ ತನ್ನ ಮರ್ಯಾದೆಯನ್ನು ಕಳೆದುಕೊಂಡಿತು.

ಅದನ್ನು ಅಮೆರಿಕದ ಮನೆಮನೆಗೂ ಒಯ್ದದ್ದು ಅಲ್ಲಿನ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧ. 1864ರ ನವೆಂಬರ್ 15ರಂದು ಉತ್ತರದ ಸೇನಾಪತಿ ವಿಲಿಯಂ ಶರ್ಮನ್ ಸುಮಾರು 60,000 ಸೈನಿಕರೊಂದಿಗೆ ಅಟ್ಲಾಂಟದಿಂದ ಹೊರಟು ಡಿಸೆಂಬರ್ 21ಕ್ಕೆ ಸಮುದ್ರತೀರದ ಸವಾನಾ ನಗರವನ್ನು ಹಿಡಿದ. ಹಿಂದಿನಿಂದ ದವಸಧಾನ್ಯ ತರಿಸಿಕೊಳ್ಳುವ ದಾರಿಯನ್ನು ತಾನೇ ಕಡಿದುಕೊಂಡಿದ್ದ ಆ ಸೈನ್ಯಕ್ಕೆ ದಾರಿಯ ಜಾರ್ಜಿಯಾ ಸೀಮೆಯಿಂದಲೇ ಧಾರಾಳವಾಗಿ ಆಹಾರ ಸಂಗ್ರಹಿಸಬೇಕೆಂಬ ಆಜ್ಞೆಯಿತ್ತು. ದಳದಿಂದ ಬೇರ್ಪಟ್ಟು ತೋಟಗಳಿಗೆ, ಉಗ್ರಾಣಗಳಿಗೆ ನುಗ್ಗಿ ಹಂದಿ, ಕೋಳಿ, ಜೋಳ, ಕುದುರೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತಿದ್ದವರಿಗೆ ‘ಶರ್ಮನ್ನನ ಬಮ್ಮರುಗಳು’ ಎಂಬ ಹೆಸರು ನಿಂತಿತು. ದಕ್ಷಿಣದ ರೈತರ ಬಾಯಲ್ಲಿ ಅದು ಶಾಪ, ಸೈನಿಕರಲ್ಲಿ ಕೆಲವರಿಗೆ ಬಿರುದು. ಅದೇ ದಶಕದಲ್ಲಿ ‘ಬಮ್ಮರ್’ ಮೊಟಕಾಗಿ ‘ಬಮ್’ ಆಯಿತು. ದೊಡ್ಡ ಪದದಿಂದ ಚಿಕ್ಕ ಪದ ಹುಟ್ಟಿದ ಈ ಕ್ರಮವನ್ನು ಗಮನಿಸಬೇಕು, ಏಕೆಂದರೆ ನೋಡಿದ ಕೂಡಲೇ ಎಲ್ಲರೂ ಇದಕ್ಕೆ ತದ್ವಿರುದ್ಧವಾಗಿ ಎಣಿಸುತ್ತಾರೆ.

ಮನುಷ್ಯನಿಂದ ವಸ್ತುವಿಗೆ, ವಸ್ತುವಿನಿಂದ ಅನುಭವಕ್ಕೆ

ಸೋಮಾರಿಯ ಹೆಸರು ನಿರಾಸೆಯ ಹೆಸರಾದದ್ದು ಹೇಗೆ ಎಂಬುದು ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ ಪ್ರಶ್ನೆ. ಉತ್ತರದ ಮೊದಲ ಹೆಜ್ಜೆ ಕನ್ನಡಿಗರಿಗೆ ಹೊಸದಲ್ಲ. ಪಾರಸಿಯ ‘ಬೇಕಾರ್’ ಎಂದರೆ ಕೆಲಸವಿಲ್ಲದವನು. ಅದೇ ಪದವನ್ನು ನಾವು ‘ಬೇಕಾರ್ ಸಾಮಾನು’, ‘ಬೇಕಾರ್ ಊಟ’ ಎಂದು ಬಳಸುವಾಗ ಊಟಕ್ಕೆ ಉದ್ಯೋಗವಿಲ್ಲವೆಂದು ಹೇಳುತ್ತಿಲ್ಲ, ಅದು ಕಳಪೆ ಎನ್ನುತ್ತಿದ್ದೇವೆ. ಕೆಲಸವಿಲ್ಲದ ಮನುಷ್ಯನಿಂದ ಕೆಲಸಕ್ಕೆ ಬಾರದ ವಸ್ತುವಿಗೆ ಪದ ಜಾರಿದೆ. ಇಂಗ್ಲಿಷಿನ ‘ಬಮ್’ ಕೂಡ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೀಗೆಯೇ ಜಾರಿ, ‘ಕಳಪೆ, ಸುಳ್ಳು, ಕೆಟ್ಟ’ ಎಂಬ ಅರ್ಥದ ಗುಣವಾಚಕವಾಯಿತು. 1920ರ ದಶಕದ ಹೊತ್ತಿಗೆ ‘ಬಮ್ ರ‍್ಯಾಪ್’ ಎಂದರೆ ಸುಳ್ಳು ಆಪಾದನೆ, ‘ಬಮ್ ಸ್ಟಿಯರ್’ ಎಂದರೆ ದಾರಿ ತಪ್ಪಿಸುವ ಸಲಹೆ ಎಂದಾಗಿತ್ತು.

ಎರಡನೆಯ ಹೆಜ್ಜೆ 1960ರ ದಶಕದ ಕ್ಯಾಲಿಫೋರ್ನಿಯದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿ, 1943ರಲ್ಲಿ ಅದರ ಪರಿಣಾಮವನ್ನು ತನ್ನ ಮೈಮೇಲೆಯೇ ಕಂಡುಕೊಂಡಿದ್ದ ಎಲ್‌ಎಸ್‌ಡಿ ಎಂಬ ಭ್ರಾಮಕ ದ್ರವ್ಯ ಆ ವೇಳೆಗೆ ಸ್ಯಾನ್ ಫ್ರಾನ್ಸಿಸ್ಕೋದ ಹೈಟ್-ಆಶ್‌ಬರಿ ಬಡಾವಣೆಯ ಹಿಪ್ಪಿ ಯುವಜನರ ನಡುವೆ ಹರಡಿತ್ತು. 1966ರ ಅಕ್ಟೋಬರ್ 6ರಿಂದ ಕ್ಯಾಲಿಫೋರ್ನಿಯದಲ್ಲಿ ಅದಕ್ಕೆ ಕಾನೂನಿನ ನಿಷೇಧ ಬಿತ್ತು. ಅದರ ಅಮಲನ್ನು ಅವರು ಪ್ರಯಾಣವೆಂದು ಕರೆಯುತ್ತಿದ್ದರು. ಸುಖದ ಬದಲು ಭಯ, ನಡುಕ, ಭೀಕರ ಭ್ರಮೆಗಳು ಆವರಿಸಿದರೆ ಅದು ‘ಬಮ್ ಟ್ರಿಪ್’, ಕೆಟ್ಟ ಪ್ರಯಾಣ. ಒಂದು ನೂರು ವರ್ಷ ಮನುಷ್ಯರಿಗೆ ಅಂಟಿಕೊಂಡಿದ್ದ ‘ಬಮ್ಮರ್’ ಎಂಬ ಹೆಸರು ಆ ಕೆಟ್ಟ ಅನುಭವಕ್ಕೆ ಬಂದು ಕೂತಿತು. 1960ರ ದಶಕದ ಕೊನೆಯ ಬರಹಗಳಲ್ಲಿ ಈ ಅರ್ಥ ಸ್ಪಷ್ಟವಾಗಿ ಸಿಗುತ್ತದೆ. ಮುಂದಿನ ದಶಕದಲ್ಲಿ ಅಮಲಿನ ನಂಟು ಕಳಚಿ, ಯಾವುದೇ ಸಣ್ಣಪುಟ್ಟ ಆಶಾಭಂಗಕ್ಕೆ ಶಾಲೆಯ ಮಕ್ಕಳೂ ಅಜ್ಜಿಯರೂ ಹೇಳುವ ಪದವಾಯಿತು. ಈಗ ಅದನ್ನು ಆಡುವವರ ಮನಸ್ಸಿನಲ್ಲಿ ಸೋಮಾರಿಯೂ ಇಲ್ಲ, ಲೂಟಿಕೋರ ಸೈನಿಕನೂ ಇಲ್ಲ, ಮಾದಕ ದ್ರವ್ಯವೂ ಇಲ್ಲ. ಆದ್ದರಿಂದ ಮೂಲವನ್ನು ತಿಳಿದು ಅದನ್ನು ಆಡಲು ಅಳುಕಬೇಕಾಗಿಲ್ಲ. ಆದರೂ ಅದರ ಹಗುರತನಕ್ಕೆ ಕಾರಣ ಈ ವಂಶಾವಳಿಯೇ ಎಂದು ನನಗೆ ತೋರುತ್ತದೆ: ಬೀದಿಯಲ್ಲಿ ಹುಟ್ಟಿ ಬೀದಿಯಲ್ಲಿಯೇ ಬೆಳೆದ ಪದವನ್ನು ಸೂತಕದ ಮನೆಗೆ ಕರೆದೊಯ್ಯಲಾಗುವುದಿಲ್ಲ.

ಇದರ ಪಕ್ಕದಲ್ಲಿ ಇಂಗ್ಲಿಷಿನ ಗಂಭೀರ ಪದವಾದ ‘ಡಿಸಪಾಯಿಂಟ್’ ಎಂಬುದನ್ನು ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅದು ಹದಿನೈದನೆಯ ಶತಮಾನದಲ್ಲಿ ಫ್ರೆಂಚಿನಿಂದ ಬಂದಾಗ ಅದಕ್ಕಿದ್ದ ಅರ್ಥ, ನೇಮಕಗೊಂಡವನನ್ನು ಹುದ್ದೆಯಿಂದ ಕಿತ್ತುಹಾಕುವುದು. ‘ಅಪಾಯಿಂಟ್’ ಆದವನು ‘ಡಿಸಪಾಯಿಂಟ್’ ಆಗುತ್ತಿದ್ದ. ಆಸ್ಥಾನದಲ್ಲಿ ಹುಟ್ಟಿದ ಆ ಪದ ಇಂದಿಗೂ ಕಚೇರಿಯ ಪತ್ರಗಳಲ್ಲಿ ಸಲ್ಲುತ್ತದೆ.

ದೇಶ ಬದಲಾದರೆ

ಬ್ರಿಟನ್ನಿನಲ್ಲಿ ‘ಬಮ್ಮರ್’ ಎಂದರೆ ಜನರಿಗೆ ಅರ್ಥವಾಗುತ್ತದೆ, ಬಳಸುವವರೂ ಇದ್ದಾರೆ. ಆದರೆ ಅಲ್ಲಿ ‘ಬಮ್’ ಎಂದ ಕೂಡಲೇ ಮೊದಲು ಹೊಳೆಯುವುದು ಪೃಷ್ಠದ ಅರ್ಥ, ಮತ್ತು ಅದರ ಕ್ರಿಯಾರೂಪಕ್ಕೆ ಅಶ್ಲೀಲವಾದ ಅರ್ಥವೊಂದು ಅಲ್ಲಿನ ಆಡುಮಾತಿನಲ್ಲಿದೆ. ಆದ್ದರಿಂದ ಲಂಡನ್ನಿನಲ್ಲಿರುವವರು ‘ಬಮ್ಡ್’ ಎಂಬ ರೂಪವನ್ನು ಬಿಟ್ಟುಬಿಡುವುದು ಕ್ಷೇಮ. ಅಲ್ಲಿ ಬೇಸರಗೊಂಡವರು ತಮ್ಮನ್ನು ‘ಗಟೆಡ್’ ಎಂದುಕೊಳ್ಳುತ್ತಾರೆ. ಮೀನಿನ ಕರುಳು ತೆಗೆದಂತಾಯಿತು ಎಂಬ ಚಿತ್ರ ಅದರ ಹಿಂದಿದೆ. ತೂಕದಲ್ಲಿ ಅದು ಬಮ್ಮರ್‌ಗಿಂತ ಹೆಚ್ಚು, ಪಂದ್ಯ ಸೋತ ಆಟಗಾರರ ಬಾಯಲ್ಲಿ ಅದನ್ನು ಮತ್ತೆಮತ್ತೆ ಕೇಳಬಹುದು.

ಕನ್ನಡಕ್ಕೆ ತರುವಾಗ

ಅನುವಾದಕರು ಬಮ್ಮರ್‌ಗೆ ‘ನಿರಾಶಾದಾಯಕ’ ಎಂದು ಬರೆದುಬಿಡುವುದನ್ನು ನೋಡಿದ್ದೇನೆ. ಹದಿನೇಳು ವರ್ಷದ ಹುಡುಗಿ ಗೆಳತಿಗೆ ಹೇಳುವ ಮಾತನ್ನು ಹೀಗೆ ಬರೆದರೆ ಅವಳ ಬಾಯಿಗೆ ಸರ್ಕಾರಿ ಸುತ್ತೋಲೆಯನ್ನು ತುರುಕಿದಂತಾಗುತ್ತದೆ. ಉದ್ಗಾರವಾಗಿ ಬಂದಲ್ಲಿ ‘ಛೆ’ ಒಂದೇ ಸಾಕು. ಇನ್ನೊಬ್ಬರ ನಷ್ಟಕ್ಕೆ ಮರುಗಿ ಹೇಳಿದ್ದಾದರೆ ‘ಅಯ್ಯೋ ಪಾಪ’ ಅಥವಾ ‘ಹೀಗಾಗಬಾರದಿತ್ತು’. ‘ಬಮ್ಡ್’ ಎಂಬುದಕ್ಕೆ ‘ಬೇಜಾರಾಯ್ತು’ ಎಂಬುದಕ್ಕಿಂತ ಹೊಂದುವ ಮಾತು ನನಗೆ ಸಿಕ್ಕಿಲ್ಲ. ಮಾತನಾಡುವ ಪಾತ್ರ ಧಾರವಾಡದ ಕಡೆಯದಾದರೆ ‘ಬ್ಯಾಸರಾತು’ ಎಂದು ಬರೆಯಲು ಹಿಂಜರಿಯಬೇಕಾಗಿಲ್ಲ. ಕೈಗೆ ಬಂದದ್ದು ಕೊನೆಯ ಗಳಿಗೆಯಲ್ಲಿ ತಪ್ಪಿದ ಸಂದರ್ಭವಾದರೆ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಗಾದೆ ನಮ್ಮಲ್ಲಿಯೇ ಇದೆ. ನಿರೀಕ್ಷೆ ಹುಟ್ಟಿಸಿ ಸೋತ ಸಿನಿಮಾದ ಬಗ್ಗೆ ‘ತೋಪೆದ್ದು ಹೋಯಿತು’ ಎನ್ನುವುದು ಚಿತ್ರರಸಿಕರ ರೂಢಿ, ಅದು ಅಲ್ಲಿಗೆ ಸರಿಹೊಂದುತ್ತದೆ. ನೋಡಿದವರ ಮುಖವನ್ನು ವರ್ಣಿಸಬೇಕಾದರೆ ‘ಪೆಚ್ಚಾದ’, ‘ಮುಖ ಜೋತುಬಿತ್ತು’ ಎಂಬ ಮಾತುಗಳಿವೆ. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವೆಂದು ಗೆರೆ ಎಳೆಯದೆ, ಯಾರು ಯಾರಿಗೆ ಯಾವ ದನಿಯಲ್ಲಿ ಹೇಳುತ್ತಿದ್ದಾರೆಂಬುದನ್ನು ಕೇಳಿಸಿಕೊಂಡು ಪದವನ್ನು ಆರಿಸಬೇಕು.

ಇನ್ನು ಯಾರಾದರೂ ನಿಮಗೆ ಈ ಪದವನ್ನು ಹೇಳಿದಾಗ ಏನು ಉತ್ತರಿಸಬೇಕು ಎಂಬುದೊಂದು ಉಳಿಯಿತು. ಅದು ಪ್ರಶ್ನೆಯಲ್ಲ, ಕ್ಷಮೆಯಾಚನೆಯೂ ಅಲ್ಲ. ನಿಮ್ಮ ಬೇಸರವನ್ನು ನಾನೂ ಕಂಡೆ ಎಂಬ ಸೂಚನೆ ಅಷ್ಟೇ. ಅಮೆರಿಕದವರು ಸಾಮಾನ್ಯವಾಗಿ ‘ಐ ನೋ’ ಎಂದು ಮೆಲ್ಲಗೆ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. ಆ ದಿನ ಇದು ಗೊತ್ತಿಲ್ಲದ ನಾನು, ‘ಬಮ್ಮರ್ ಅಂದ್ರೇನೇ?’ ಎಂದು ಕೇಳಿದ್ದೆ. ಅವಳು ಸ್ವಲ್ಪ ಯೋಚಿಸಿ, ‘ಗೊಂಬೆ ಇಳಿಸಿಟ್ಟು ನಾನು ಬರದೇ ಇದ್ರೆ ನಿಮಗೆ ಹೇಗಾಗುತ್ತೋ ಅದು ಅತ್ತೆ’ ಎಂದಳು.